ಮೂರನೇ ಪ್ಯಾರಾದ ಎರಡು ಸಾಲು

ಮತ್ತಿಕೆರೆಯ ಆ ಖಾಸಗಿ ಶಾಲೆಯಲ್ಲಿ ಹತ್ತನೇ ಕ್ಲಾಸು ಬಿ ಸೆಕ್ಷನ್ನಿನ ಕೊನೇ ಬೆಂಚು ಮನೋಹರನ ಸಾಮ್ರಾಜ್ಯ. ಅಲ್ಲಿ ಫ್ಯಾನು ತಿರುಗಬೇಕಾದರೂ ತನ್ನನ್ನು ಕೇಳಬೇಕು ಎಂದು ಅವನೇ ಡಂಗುರ ಹೊಡೆದುಕೊಂಡಿದ್ದ. ಡಿಸೆಂಬರಿನ ಒಂದು ಶನಿವಾರ, ಇಂಗ್ಲಿಷ್ ಸ್ಪೆಷಲ್ ಕ್ಲಾಸಿನ ಹೊತ್ತಿಗೆ, ಆ ಸಾಮ್ರಾಜ್ಯಕ್ಕೆ ಪೊರಕೆ ಹಿಡಿದ ಹೆಂಗಸೊಬ್ಬಳು ನುಗ್ಗಿದಳು. ಪೊರಕೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸೀದಾ ಹಿಂದಕ್ಕೆ ಬಂದಳು.

“ಸ್ವಲ್ಪ ಸರ್ಕೊಳೋ.”

ಅವನ ಅಮ್ಮ, ನಂದಿತಾ.

“ಅಮ್ಮಾ, ಏನಿದು?” ಎಂದ ಹಲ್ಲು ಕಚ್ಚಿಕೊಂಡು.

“ಇಂಗ್ಲಿಷ್ ಕ್ಲಾಸು. ನಿಂಗೊತ್ತಿಲ್ವಾ?”

ಮುಂದಿನ ಬೆಂಚಿನ ಭೀಮರಾಜ್ ಕತ್ತು ತಿರುಗಿಸಿದ. “ಮಗಾ, ನಿಮ್ಮಮ್ಮ ನಮ್ಗೆ ಜೂನಿಯರ್ರಾ, ಸೀನಿಯರ್ರಾ?”

ನಂದಿತಾ ಒಂಬತ್ತು ವರ್ಷದಿಂದ ಅದೇ ಶಾಲೆಯ ಆಯಾ. ಮಕ್ಕಳ ಬಾಯಲ್ಲಿ ಆಯಮ್ಮ. ಹದಿನೆಂಟು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದಿದ್ದಳು. ಮತ್ತೆ ಕಟ್ಟುವ ಮುಂಚೆಯೇ ತಾಳಿ ಕಟ್ಟಿಸಿ ಕಳಿಸಿದ್ದರು. ಈಗ ಶಾಲೆಯ ಲೈಬ್ರರಿಗೆ ಒಬ್ಬ ಸಹಾಯಕಿ ಬೇಕಾಗಿದ್ದಳು. ಕುರ್ಚಿ, ಮೇಜು, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಬೀಗದ ಕೈ ಇರುವ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಜೂನ್‌ವರೆಗೆ ಕಾಯುತ್ತೇವೆ ಎಂದು ಆಡಳಿತದವರು ಹೇಳಿದ್ದರು. ಇಂಗ್ಲಿಷ್ ಹೇಳಿಕೊಡುವ ಗಜಾಲಾ ಮಿಸ್ ತಾವೇ ಕೂತು ಅರ್ಜಿ ತುಂಬಿಸಿ, “ಶನಿವಾರ ಬಂದು ಕ್ಲಾಸಲ್ಲಿ ಕೂತ್ಕೊಳ್ಳಿ ನಂದಿತಾ ಅವರೇ, ಯಾರೇನಂತಾರೆ?” ಎಂದಿದ್ದರು.

ಯಾರೇನಂತಾರೆ! ಇಡೀ ಕ್ಲಾಸು ಅನ್ನುತ್ತಿತ್ತು.

ಅವತ್ತು ಪದ್ಯ. ಸಮುದ್ರದ ದಡದಲ್ಲಿ ದೀಪದ ಗೋಪುರ ಕಾಯುವ ಮುದುಕನೊಬ್ಬನ ಬಗ್ಗೆ. ನೀರೆಂದರೆ ಟ್ಯಾಂಕರು ಎಂದುಕೊಂಡು ಬೆಳೆದ ನಲವತ್ತು ಮಕ್ಕಳಿಗೆ ಹಡಗು, ಅಲೆ, ಬಿರುಗಾಳಿ. ಮನೋಹರನಿಗೆ ಆ ಮುದುಕನನ್ನು ಕಂಡರೆ ಮೈ ಉರಿಯಿತು. ಹನ್ನೆರಡು ಸಾಲಿನಲ್ಲಿ ಒಂದು ಫೈಟಿಲ್ಲ, ಒಂದು ಎಂಟ್ರಿ ಇಲ್ಲ, ಮುದುಕ ಬೆಳಗಿನವರೆಗೆ ಸುಮ್ಮನೆ ಕೂತಿರುತ್ತಾನೆ.

“ಇದ್ಕಿಂತ ನಮ್ ರೋಡಿನ ಅಪಾರ್ಟ್‌ಮೆಂಟ್ ವಾಚ್‌ಮನ್ನಿಗೆ ಜಾಸ್ತಿ ಬಿಲ್ಡಪ್ ಇದೆ ಗುರು” ಎಂದ ಭೀಮರಾಜನಿಗೆ.

“ಹಿಂದುಗಡೆ!” ಗಜಾಲಾ ಮಿಸ್ ಸೀಮೆಸುಣ್ಣ ತೋರಿಸಿದರು. “ಇದು ಬಾಯಿಪಾಠದ ಪದ್ಯ. ನಾಲ್ಕು ಮಾರ್ಕ್ಸ್. ಅಂಚಲ್ಲಿ ನಿಂತಿರೋರನ್ನ ದಡ ಹತ್ತಿಸೋದೇ ಈ ನಾಲ್ಕು. ನಿನ್ನಂಥೋರಿಗೇ ಹೇಳ್ತಿರೋದು, ಮನೋಹರ್.”

ಅವನು ನಕ್ಕ. ಇಂಗ್ಲಿಷ್ ಎಂದರೆ ಗೈಡಿನಿಂದ ಪಾಸಾಗುವ ವಿಷಯ, ಓದುವ ವಿಷಯವಲ್ಲ ಎಂಬುದು ಅವನ ಸಿದ್ಧಾಂತ. ಪಕ್ಕದಲ್ಲಿ ಅಮ್ಮ ಮಾತ್ರ ಮುದುಕನ ಕಥೆಯನ್ನು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

ಮನೆಯಲ್ಲಿ ಸಿಕ್ಕ ಸ್ವಾಗತವೂ ಇಂಥದ್ದೇ. ಅಜ್ಜಿ ದೊಡ್ಡಮುನಿಯಮ್ಮ ಹಜಾರದಲ್ಲಿ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಸೊಸೆ ಕ್ಲಾಸಿಗೆ ಹೋಗಿ ಕೂತ ಸುದ್ದಿ ಕೇಳಿ ಒಂದು ಸಿಪ್ಪೆಯನ್ನು ಬೇಕೆಂದೇ ದೂರ ಎಸೆದಳು.

“ಈ ವಯಸ್ನಾಗೆ ಇಸ್ಕೂಲಾ? ನಾಳಿಕ್ಕೆ ಎರಡು ಜಡೆ ಆಕ್ಕೊಂಡು ಟೇಪು ಕಟ್ಕೊಂಡು ಓಗು, ಲಕ್ಷಣವಾಗಿರ್ತದೆ.”

“ಟೇಪು ಇದೆ ಅತ್ತೆ. ಜಡೆ ನೀವೇ ಹಾಕ್ಬಿಡಿ.”

ಅಪ್ಪ ವಿಜಯ್ ಕುಮಾರ್ ಯಶವಂತಪುರ ಯಾರ್ಡಿನ ಈರುಳ್ಳಿ ಮಂಡಿಯೊಂದರಲ್ಲಿ ತೂಕ ಹಾಕುವವನು. ಬೆಳಗ್ಗೆ ನಾಲ್ಕಕ್ಕೆ ಹೋಗಿ ಮಧ್ಯಾಹ್ನ ಎರಡಕ್ಕೆ ಬರುವ ಅವನ ಅಂಗಿಯಲ್ಲೂ ಮಾತಿನಲ್ಲೂ ಈರುಳ್ಳಿಯದೇ ಘಾಟು. ಮನೆಯ ಮುಂದಿನ ಕೋಣೆಗೆ ಷಟರ್ ಹಾಕಿಸಿ, ಈರುಳ್ಳಿ ಆಲೂಗಡ್ಡೆ ಅಂಗಡಿ ತೆರೆದು, ಹೆಂಡತಿಯನ್ನು ಅಲ್ಲಿ ಕೂರಿಸುವುದು ಅವನ ಎರಡು ವರ್ಷದ ಪ್ಲಾನು.

“ಲೈಬ್ರರೀಲಿ ಧೂಳ್ ಹೊಡೆಯೋಕೆ ಇಂಗ್ಲಿಷ್ ಯಾಕೆ? ಧೂಳಿಗೆ ಇಂಗ್ಲಿಷ್ ಬರುತ್ತಾ?”

“ಒಂದ್ಸಲ ನೋಡ್ತೀನಿ ರೀ.”

“ಒಂದೇ ಸಲ. ಮಾರ್ಚಲ್ಲಿ ಬರಿ. ಡುಮ್ಕಿ ಹೊಡೆದ್ರೆ ಜೂನ್‌ನಿಂದ ಅಂಗಡೀಲಿ ಕೂತ್ಕೋಬೇಕು. ಆಮೇಲೆ ಎಕ್ಸಾಮ್ ಟೂ, ಎಕ್ಸಾಮ್ ತ್ರೀ ಅಂತ ರಾಗ ಎಳೀಬಾರ್ದು.”

“ಆಯ್ತು.”

“ಮಾತು?”

“ಮಾತೇ. ನಿಮ್ ಮಂಡಿ ತಕ್ಕಡಿ ಅಲ್ಲ, ಆ ಕಡೆ ಈ ಕಡೆ ಆಗೋಕೆ.”

ಅಜ್ಜಿ ನಕ್ಕ ರಭಸಕ್ಕೆ ಮೊರದಲ್ಲಿದ್ದ ಅವರೆಕಾಳು ಚೆಲ್ಲಿತು. ವಿಜಯ್ ಕುಮಾರ್ ನಗಲಿಲ್ಲ.

ಮುಂದಿನ ಶನಿವಾರ ಸಣ್ಣಕಥೆ. ದೊಡ್ಡ ಮನೆಯೊಂದರ ಅಡುಗೆಯವಳು ಯಜಮಾನನ ಹುಟ್ಟುಹಬ್ಬದ ದಿನ ಪಾಯಸಕ್ಕೆ ಉಪ್ಪು ಹಾಕಿಬಿಡುತ್ತಾಳೆ. ಯಾಕೆ ಹಾಕಿದಳು ಎಂದು ಗಜಾಲಾ ಮಿಸ್ ಕೇಳಿದರು. ಮನೋಹರ ಕಾಲರ್ ಎತ್ತಿ ನಿಂತು, ಅಡುಗೆಯವಳಿಗೆ ಗಮನವಿರಲಿಲ್ಲ, ಆದ್ದರಿಂದ ಕೆಲಸದಲ್ಲಿ ಏಕಾಗ್ರತೆ ಮುಖ್ಯ ಎಂಬ ಗೈಡಿನ ಉತ್ತರವನ್ನು ಅರ್ಧ ಉಸಿರಿನಲ್ಲಿ ಒಪ್ಪಿಸಿದ.

“ಅಲ್ಲ ಮಿಸ್” ಎಂದಳು ನಂದಿತಾ ಕೂತಲ್ಲಿಂದಲೇ. “ಗಮನ ಇಟ್ಟೇ ಹಾಕಿದ್ದಾಳೆ. ಅಷ್ಟು ವರ್ಷ ಸಕ್ಕರೆ ಹಾಕಿದ್ಲು, ಒಬ್ರಾದ್ರೂ ಅವಳ ಹೆಸ್ರು ಹಿಡ್ದು ಕರೆದ್ರಾ? ಉಪ್ಪು ಹಾಕಿದ್ ದಿನ ಮನೆಯೋರೆಲ್ಲ ಅವಳ ಹೆಸ್ರೇ ಕೂಗಿದ್ರಲ್ಲ.”

ಗಜಾಲಾ ಮಿಸ್ ಬಂದು ಮನೋಹರನ ಮುಂದಿದ್ದ ಗೈಡನ್ನು ಮುಚ್ಚಿದರು. “ಮನೋಹರ್, ಆ ಗೈಡ್ ಮಾರಿಬಿಟ್ಟು ಅಮ್ಮನ ಹತ್ರ ಹೇಳಿಸ್ಕೋ.”

ಅವತ್ತಿನಿಂದ ಮನೋಹರನಿಗೆ ಹೊಸ ಹೆಸರು ಬಿತ್ತು: ಉಪ್ಪಿನ ಮಗ. ಹುಡುಗರು ಅವನ ಟಿಫನ್ ಡಬ್ಬಿ ತೆರೆದು, ನಾಲಿಗೆ ಚಾಚಿ ಉಪ್ಪು ನೋಡುವ ಆಟವಾಡಿದರು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಇಮೇಜು ಒಂದು ಪಾಯಸದಲ್ಲಿ ಕರಗಿಹೋಯಿತು.

ಅದೇ ಸಂಜೆ ಅಮ್ಮ ಒಂದು ಹಾಳೆ ತಂದು ಕೊಟ್ಟಳು. “ಆ ದೀಪದ ಪದ್ಯ ಕನ್ನಡ ಅಕ್ಷರದಲ್ಲಿ ಬರ್ಕೊಡೋ. ಮುದ್ದೆ ತಿರುವ್ತಾ ತಿರುವ್ತಾ ಬಾಯಿಪಾಠ ಮಾಡ್ತೀನಿ.”

ಆ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಇಂಗ್ಲಿಷ್ ಪದ್ಯ ದಾಟುತ್ತಿದ್ದುದು ಹೀಗೆಯೇ: ಮೇಲೆ ಇಂಗ್ಲಿಷ್ ಸಾಲು, ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ಅದರ ಸದ್ದು. ಸದ್ದು ಬಾಯಿಗೆ ಬಂದ ಮೇಲೆ ಕಾಗುಣಿತ ಕೈಗೆ.

“ಕೊನೇ ಬೆಂಚ್ ಬಿಟ್ಟು ಮುಂದೆ ಕೂತ್ಕೊಂಡ್ರೆ ಬರ್ಕೊಡ್ತೀನಿ.”

“ಯಾಕೆ, ಅದೇನ್ ನಿಮ್ಮಪ್ಪ ಬಿಡಿಎನಲ್ಲಿ ತಗೊಂಡಿರೋ ಸೈಟಾ? ಬರಿಯೋ.”

ಬರೆದ. ಮೊದಲ ಎರಡು ಪ್ಯಾರಾ ಇದ್ದ ಹಾಗೇ ಬರೆದ. ಮೂರನೆಯದರಲ್ಲೂ ಎರಡು ಸಾಲು ಸರಿಯಾಗಿ ಇಳಿಸಿದ: ‘ದ ವಿಂಡ್ ಮೇ ಹೌಲ್, ದ ರೇನ್ ಮೇ ಬೀಟ್, ಐ ವಿಲ್ ನಾಟ್ ಲೀವ್ ಮೈ ಲಿಟಲ್ ಸೀಟ್.’ ಅಲ್ಲಿಗೆ ಬಂದಾಗ ಅವನೊಳಗಿನ ಡೈಲಾಗ್ ರೈಟರು ಮೀಸೆ ತಿರುವಿದ. ಮುದುಕನ ಕೊನೆಯ ಎರಡು ಸಾಲು ಕಿತ್ತುಹಾಕಿ, ತನ್ನದೇ ಎರಡು ಸಾಲು ಕೂರಿಸಿದ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ಎಲ್ಲಾ ಕ್ರಮವಾಗಿ.

‘ಟಚ್ ಮೈ ಲ್ಯಾಂಪ್ ಅಂಡ್ ಸೀ ಮೈ ಪವರ್, ಐ ಆಮ್ ದ ಬಾಸ್ ಆಫ್ ದಿಸ್ ಟವರ್.’

“ಇದರರ್ಥ?” ಎಂದಳು ಅಮ್ಮ.

“ನನ್ನ ದೀಪ ಮುಟ್ಟಿದ್ರೆ ನನ್ನ ಪವರ್ ನೋಡ್ತೀಯ. ಈ ಟವರಿಗೆ ನಾನೇ ಬಾಸು.”

“ಅಬ್ಬಾ, ಕೊನೇಗಾದ್ರೂ ಮುದುಕ ಬಾಯಿ ಬಿಟ್ನಲ್ಲ” ಎಂದಳು ಅವಳು. ಹಾಳೆಗೆ ಮೈದಾ ಅಂಟು ಬಳಿದು ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು.

ಮನೆಯಲ್ಲಿದ್ದುದು ಒಂದೇ ಪಠ್ಯಪುಸ್ತಕ, ಮನೋಹರನದು. ಅಮ್ಮ ಕೇಳಿದಾಗಲೆಲ್ಲ ಅದು ಕ್ಲಾಸಿನಲ್ಲೇ ಮರೆತುಹೋಗಿರುತ್ತಿತ್ತು. ಶನಿವಾರ ಬೆಂಚಿನ ಮೇಲೆ ಮುಂದಿನ ಪಾಠಗಳು ತೆರೆಯುತ್ತಿದ್ದವೇ ಹೊರತು ಮುಗಿದ ಪದ್ಯ ಮತ್ತೆ ಬರಲಿಲ್ಲ. ಸಂಜೆಯಾದರೆ ನಂದಿತಾ ಪಾತ್ರೆಯನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದು, ಮುದ್ದೆ ಕೋಲಿನಿಂದ ಹಿಟ್ಟು ತೊಳಸುತ್ತಾ ಗೋಡೆ ನೋಡಿ ಒದರುತ್ತಿದ್ದಳು. ಮೊದಲ ಎರಡು ಪ್ಯಾರಾಕ್ಕೆ ಕೋಲು ಮೆಲ್ಲಗೆ ತಿರುಗುತ್ತಿತ್ತು. ಟಚ್ ಮೈ ಲ್ಯಾಂಪ್ ಬಂದಾಗ ಹಿಟ್ಟಿನಲ್ಲಿ ಒಂದು ಗಂಟೂ ಉಳಿಯುತ್ತಿರಲಿಲ್ಲ.

ಮನೋಹರ ಅದನ್ನು ಬಾಗಿಲ ಮರೆಯಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಭೀಮರಾಜನಿಗೆ ಕಳಿಸಿದ. ಭೀಮರಾಜ್ ಹದಿನೇಳು ನಗುವ ಮುಖ ಕಳಿಸಿ, ಆಮೇಲೆ, ‘ಹೇಳ್ಬಿಡೋ ಮಗಾ, ಪಾಪ’ ಎಂದು ಬರೆದ. ಪ್ರಿಪರೇಟರಿಗೆ ಮುಂಚೆ ಹೇಳಿದರಾಯಿತು ಎಂದು ಮನೋಹರ ಮುಂದೂಡಿದ.

ಅಷ್ಟರಲ್ಲಿ ಆ ಎರಡು ಸಾಲು ಮನೆಯ ಆಸ್ತಿಯಾಗಿತ್ತು. ಇಂಗ್ಲಿಷಿನ ಎ ಅಕ್ಷರ ಗೊತ್ತಿಲ್ಲದ ಅಜ್ಜಿ ಪಕ್ಕದ ಮನೆಯವರ ಕೋಳಿ ಅಂಗಳಕ್ಕೆ ಬಂದರೆ, “ಟಚ್ ಮೈ ಲ್ಯಾಂಪು!” ಎಂದು ಕೋಲೆತ್ತುತ್ತಿದ್ದಳು. ಒಂದು ದಿನ ಅಪ್ಪ ಮೊದಲ ತುತ್ತಿಗೇ ಮುಖ ಕಿವಿಚಿದ.

“ಇದೇನೇ ಸಾರು? ಹುಣಸೆಹಣ್ಣು ಎಲ್ಲಿ? ಪದ್ಯದಲ್ಲಿ ಹಾಕ್ಬಿಟ್ಯಾ?”

“ಮರ್ತೋಯ್ತು ರೀ.”

“ಮರೀದೆ ಏನ್ ಮಾಡ್ತೀಯ. ಬಾಸ್ ಆಫ್ ದಿಸ್ ಟವರ್ ಅಲ್ವಾ ನೀನು. ಅಂಗಡೀಲಿ ಕೂತ್ಕೊಂಡು ಈರುಳ್ಳಿಗೆ ಹೇಳು ಇದನ್ನ, ಸಿಪ್ಪೆ ತಾನೇ ಬಿಟ್ಕೊಳ್ಳುತ್ತೆ.”

“ಓಗ್ಲಿ ಬಿಡ್ಲಾ” ಎಂದಳು ಅಜ್ಜಿ. “ಅದೊಂದು ಪದ ಮಾತ್ರ ಗಂಡುಮಗನಂಗೈತೆ. ಮಿಕ್ಕಿದ್ದೆಲ್ಲ ಬರೀ ಗೊಣಗಾಟ.”

ಮನೋಹರ ತಟ್ಟೆ ನೋಡಿಕೊಂಡು ನಕ್ಕ. ತನ್ನ ಡೈಲಾಗು ಸೂಪರ್ ಹಿಟ್. ಈಗ ಹೇಳಿ ಯಾಕೆ ಹಾಳು ಮಾಡಿಕೊಳ್ಳಬೇಕು?

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಬಂತು. ಗಜಾಲಾ ಮಿಸ್ ಒಂದು ಪೇಪರು ಹೆಚ್ಚಿಗೆ ಜೆರಾಕ್ಸ್ ಮಾಡಿಸಿ ನಂದಿತಾಳನ್ನೂ ಬರೆಯಲು ಕೂರಿಸಿದರು. ಪದ್ಯದ ಯಾವುದಾದರೂ ಒಂದು ಪ್ಯಾರಾ ಬರೆಯಬೇಕಿತ್ತು. ನಂದಿತಾ ತನಗೆ ಬಲು ಇಷ್ಟವಾದದ್ದನ್ನು ಬರೆದಳು.

ಪೇಪರು ಹಂಚುವ ದಿನ ಮನೋಹರನಿಗೆ ಎಂಬತ್ತಕ್ಕೆ ಮೂವತ್ತೊಂದು. ಪಾಸಿಗೆ ಇಪ್ಪತ್ತೆಂಟು ಬೇಕು. ಮೂರು ಮಾರ್ಕಿನ ಅಂತರದ ಪಾಸು. ಪಾಸು ಎಂದರೆ ಪಾಸು ಎಂದು ಹಾಳೆಯಿಂದ ಗಾಳಿ ಬೀಸಿಕೊಂಡ. ಗಜಾಲಾ ಮಿಸ್ ಕೊನೆಯ ಪೇಪರು ಹಿಡಿದು ಕನ್ನಡಕ ಸರಿಮಾಡಿಕೊಂಡರು.

“ನಂದಿತಾ ಅವರೇ, ಇಪ್ಪತ್ತಾರು. ಎರಡೇ ಮಾರ್ಕ್ಸ್ ಕಮ್ಮಿ. ಆ ಎರಡು ಎಲ್ಲಿ ಹೋಯ್ತು ಅಂದ್ರೆ... ಈ ಸಾಲುಗಳು ಎಲ್ಲಿಂದ ಬಂತು?” ಎಂದು ಓದಿದರು.

ಪವರ್ ಎಂಬಲ್ಲಿಗೆ ನಾಲ್ಕು ಜನ ನಕ್ಕರು. ಟವರ್ ಎಂಬಲ್ಲಿಗೆ ಕ್ಲಾಸಿಗೆ ಕ್ಲಾಸೇ ಡೆಸ್ಕು ಬಡಿಯಿತು. ಭೀಮರಾಜ್ ಒಬ್ಬ ತಲೆ ಎತ್ತಲಿಲ್ಲ. ನಂದಿತಾ ಮಗನ ಮುಂದಿದ್ದ ಪುಸ್ತಕವನ್ನು ಎಳೆದುಕೊಂಡಳು. ಪುಟ ತೆರೆದು, ಮೂರನೇ ಪ್ಯಾರಾದ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ‘ನೋ ಸೇಲರ್ ನೋಸ್ ಮೈ ನೇಮ್ ಆರ್ ಫೇಸ್, ಐ ಲೈಟ್ ದ ವೇ ಅಂಡ್ ಕೀಪ್ ಮೈ ಪ್ಲೇಸ್.’

“ಹಡಗಿನೋರಿಗೆ ನನ್ನ ಹೆಸ್ರೂ ಗೊತ್ತಿಲ್ಲ, ಮುಖಾನೂ ಗೊತ್ತಿಲ್ಲ. ದಾರಿ ತೋರಿಸ್ತಾ ನನ್ನ ಜಾಗದಲ್ಲೇ ಇರ್ತೀನಿ ಅಂತ” ಎಂದರು ಮಿಸ್. “ಯಾರು ಬರ್ಕೊಟ್ಟಿದ್ದು ನಿಮ್ಗೆ ಅದನ್ನ?”

ಮನೋಹರ ಪೆನ್ನಿನ ಕ್ಯಾಪು ಹುಡುಕಲು ಬೆಂಚಿನ ಕೆಳಗೆ ಬಗ್ಗಿದ.

“ಯಾರೂ ಇಲ್ಲ ಮಿಸ್. ನಾನೇ ಸೇರಿಸ್ದೆ” ಎಂದಳು ನಂದಿತಾ. “ಹೆಸ್ರು ಗೊತ್ತಿಲ್ಲ ಅನ್ನೋದಕ್ಕೂ ಒಂದು ಪದ್ಯ ಬೇಕಾ ಅನ್ನಿಸ್ತು.”

ಪುಸ್ತಕ ಮುಚ್ಚಿ ಅವನ ಕಡೆ ತಳ್ಳಿದಳು. ಮುಖ ತಿರುಗಿಸಲಿಲ್ಲ. ಮುಂದಿನ ಪೀರಿಯಡ್ಡಿಗೆ ಪೊರಕೆ ಎತ್ತಿಕೊಂಡು ಹೋದಳು.

ಸಂಜೆ ಅವನು ಮನೆಗೆ ಬಂದಾಗ ಒಲೆಯ ಮೇಲಿನ ಗೋಡೆಯಲ್ಲಿ ಬೇರೆ ಹಾಳೆ ಇತ್ತು. ಭೀಮರಾಜನ ಕೋಳಿಕಾಲು ಅಕ್ಷರ. ಊಟಕ್ಕೆ ಕೂತಾಗ ಮನೋಹರ ಮೊದಲ ತುತ್ತನ್ನು ನಾಲಿಗೆಯ ತುದಿಗೆ ಇಟ್ಟುನೋಡಿದ. ಉಪ್ಪು ಸರಿಯಾಗಿತ್ತು. ಬೈದಿದ್ದರೆ ಎದುರು ಹೇಳಲು ದಾರಿಯುದ್ದಕ್ಕೂ ನಾಲ್ಕು ಡೈಲಾಗ್ ರೆಡಿ ಮಾಡಿಕೊಂಡು ಬಂದಿದ್ದ. ಅವಳು ಬೈಯಲಿಲ್ಲ.

“ಅಮ್ಮಾ, ತಮಾಷೆಗೆ...”

“ಸಾರು ಬೇಕಾ?”

“ಅಲ್ಲಮ್ಮ, ಹೇಳೋಣ ಅಂತಿದ್ದೆ...”

“ಸಾರು ಬೇಕಾ ಬೇಡ್ವಾ?”

ವಿಷಯ ತಿಳಿದು ಅಪ್ಪ ಹೊಟ್ಟೆ ಹಿಡಿದು ನಕ್ಕ. “ಮಗ ಡೈಲಾಗ್ ಬರ್ದವ್ನೆ ಕಣಮ್ಮೋ! ನಾವೆಲ್ಲ ಅದನ್ನೇ ಹಾಡ್ಕೊಂಡು ಓಡಾಡ್ತಿದ್ವಿ.”

“ನಗ್ರಿ” ಎಂದಳು ನಂದಿತಾ. “ನಕ್ಕಿದ್ದಾದ್ಮೇಲೆ ಷಟರಿನವ್ನಿಗೆ ಫೋನ್ ಮಾಡಿ. ಮಗ ದುಡಿದು ಕೊಟ್ಟ ಅಂಗಡಿ, ಅವನ ಹೆಸ್ರೇ ಇಡಿ.”

ವಿಜಯ್ ಕುಮಾರನ ನಗು ಅರ್ಧಕ್ಕೆ ನಿಂತಿತು. ಮಗನ ಕಡೆ ಒಮ್ಮೆ ನೋಡಿ, ಮುದ್ದೆ ಮುರಿದು ನುಂಗಿದ.

ಅಲ್ಲಿಂದ ಪರೀಕ್ಷೆಯವರೆಗೆ ನಂದಿತಾ ಮಗನನ್ನು ಏನೂ ಕೇಳಲಿಲ್ಲ. ಡೌಟು ಬಂದರೆ ಭೀಮರಾಜ್, ಅದೂ ಆಗದಿದ್ದರೆ ಮಿಸ್. ಪ್ರತಿ ಸಾಲನ್ನೂ ಲೈಬ್ರರಿಯಿಂದ ತಂದ ಪುಸ್ತಕದ ಜೊತೆ ಬೆರಳಿಟ್ಟು ತಾಳೆ ನೋಡುವ ಅಭ್ಯಾಸ ಬಂದಿತ್ತು. ಮುದ್ದೆ ತಿರುವುವಾಗ ಈಗ ತುಟಿ ಮಾತ್ರ ಆಡುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಸದ್ದು ಮಾಡುತ್ತಿದ್ದವಳು ಅಜ್ಜಿ ಒಬ್ಬಳೇ.

“ಅದು ತಪ್ಪು ಪದ್ಯ ಅಂತೆ ಅತ್ತೆ.”

“ತಪ್ಪಾದ್ರೆ ನಂಗೇನೇ? ನಾನೇನು ಪರೀಕ್ಸೆ ಕಟ್ಟಿದೀನಾ? ಟಚ್ ಮೈ ಲ್ಯಾಂಪು!”

ಮನೋಹರ ಆ ಪದ್ಯವನ್ನು ತೆರೆದೇ ನೋಡಲಿಲ್ಲ. ತಾನೇ ಕೈಯಾರೆ ಬರೆದುಕೊಟ್ಟಿದ್ದು, ಎರಡು ತಿಂಗಳು ಮೂರು ಹೊತ್ತೂ ಕಿವಿಗೆ ಬಿದ್ದಿದ್ದು. ಅದನ್ನು ಮತ್ತೆ ಓದಬೇಕೇ?

ಮಾರ್ಚ್ ಕೊನೆಯಲ್ಲಿ ಪರೀಕ್ಷೆ. ಅಮ್ಮನಿಗೆ ಯಶವಂತಪುರದಲ್ಲಿ ಸೆಂಟರು, ಅವನಿಗೆ ಸಂಜಯನಗರದಲ್ಲಿ. ಪ್ರಶ್ನೆಪತ್ರಿಕೆ ತಿರುಗಿಸಿದರೆ ಬಾಯಿಪಾಠದಲ್ಲಿ ಆರಿಸಿಕೊಳ್ಳಲು ಏನೂ ಇರಲಿಲ್ಲ. ದೀಪದ ಮುದುಕನ ಮೂರನೇ ಪ್ಯಾರಾ. ಮೊದಲ ಪದಗಳು ‘ದ ವಿಂಡ್’ ಎಂದು, ಕೊನೆಯ ಪದ ‘ಪ್ಲೇಸ್’ ಎಂದು ಅವರೇ ಕೊಟ್ಟಿದ್ದರು.

ಮನೋಹರ ನಗುತ್ತಾ ಎರಡು ಸಾಲು ಬರೆದ. ಗಾಳಿ ಬೀಸಿತು, ಮಳೆ ಹೊಡೆಯಿತು, ಮುದುಕ ಸೀಟು ಬಿಡಲಿಲ್ಲ. ಮೂರನೇ ಸಾಲಿಗೆ ಪೆನ್ನು ಇಟ್ಟ. ಟಚ್ ಮೈ ಲ್ಯಾಂಪ್.

ಹೊಡೆದುಹಾಕಿದ. ಕಣ್ಣು ಮುಚ್ಚಿದ. ಮೊದಲಿಂದ ಶುರು ಮಾಡಿದ. ಗಾಳಿ, ಮಳೆ, ಸೀಟು, ಮತ್ತೆ ಟಚ್ ಮೈ ಲ್ಯಾಂಪ್. ಪ್ಲೇಸಿಗೆ ಹೋಗಬೇಕಾದ ಬಸ್ಸು ಎಷ್ಟು ಸಲ ಹತ್ತಿದರೂ ಟವರ್ ಸ್ಟಾಪಿನಲ್ಲೇ ಇಳಿಸುತ್ತಿತ್ತು. ಅಮ್ಮ ಕ್ಲಾಸಿನಲ್ಲಿ ಬೆರಳಿಟ್ಟು ಓದಿದ್ದು ನೆನಪಿತ್ತು. ಅವಳ ಬೆರಳು ನೆನಪಿತ್ತು, ಉಗುರಿಗೆ ಅಂಟಿದ್ದ ಸೀಮೆಸುಣ್ಣ ನೆನಪಿತ್ತು. ಓದಿದ್ದು ಮಾತ್ರ ಬರಲಿಲ್ಲ. ತಲೆಯ ತುಂಬ ಅಜ್ಜಿಯ ಕೋಲು, ಅಪ್ಪನ ಗೇಲಿ, ಮುದ್ದೆ ಕೋಲಿನ ತಾಳ. ಗಂಟೆ ಹೊಡೆದಾಗ ಆ ಜಾಗದಲ್ಲಿ ಏಳು ಸಲ ಹೊಡೆದುಹಾಕಿದ ಗೀಟುಗಳಿದ್ದವು.

ಮೇ ತಿಂಗಳ ಆರಂಭದಲ್ಲಿ ಫಲಿತಾಂಶ. ಭೀಮರಾಜ್ ಮನೆಗೇ ಬಂದು ಮೊಬೈಲಿನಲ್ಲಿ ಎರಡೂ ನಂಬರು ಹಾಕಿದ. ಮೊದಲು ನಂದಿತಾಳದು.

“ಪಾಸು ಆಂಟಿ!”

ವಿಜಯ್ ಕುಮಾರ್ ಮೊಬೈಲು ಕಿತ್ತುಕೊಂಡು ತಾನೇ ನೋಡಿದ. ತೂಕದವನ ಕಣ್ಣು, ಎರಡು ಸಲ ನೋಡಿತು. “ಷಟರಿಗೆ ಅಡ್ವಾನ್ಸ್ ಕೊಟ್ಬಿಟ್ಟಿದ್ನಲ್ಲೇ” ಎಂದ.

“ವಾಪಸ್ ಇಸ್ಕೊಳಿ. ಮಾತು ಮಾತೇ.”

ಭೀಮರಾಜ್ ಮೊಬೈಲು ವಾಪಸು ಪಡೆದು ಎರಡನೇ ನಂಬರು ಹಾಕಿದ. ಆಮೇಲೆ ಮೊಬೈಲನ್ನು ಮನೋಹರನ ಕೈಗೇ ಕೊಟ್ಟ. ಎಲ್ಲದರಲ್ಲೂ ಪಾಸು. ಇಂಗ್ಲಿಷಿನಲ್ಲಿ ಎರಡು ಮಾರ್ಕ್ಸ್ ಕಡಿಮೆ.

“ಏನ್ಲಾ ಮನಾ” ಎಂದಳು ಅಜ್ಜಿ, “ಟವರು ಬಿತ್ತಾ?”

ಎಕ್ಸಾಮ್ ಟೂ ಆ ತಿಂಗಳ ಕೊನೆಗೇ ಇತ್ತು. ಪಠ್ಯಪುಸ್ತಕವನ್ನು ಮನೋಹರ ಪರೀಕ್ಷೆ ಮುಗಿದ ದಿನವೇ ರದ್ದಿಗೆ ಹಾಕಿ ಗೋಬಿ ತಿಂದಿದ್ದ. ಮೂರು ದಿನ ಒದ್ದಾಡಿ, ನಾಲ್ಕನೇ ದಿನ ಸ್ಪೆಷಲ್ ಕ್ಲಾಸಿಗೆ ಹೋದವನು ಶಾಲೆಯ ಲೈಬ್ರರಿಯ ಮುಂದೆ ನಿಂತ. ಒಳಗೆ ಮೇಜಿನ ಹಿಂದೆ ಅಮ್ಮ. ಸೊಂಟದಲ್ಲಿ ಬೀಗದ ಕೈ. ಪೊರಕೆ ಬೇರೆ ಯಾರದೋ ಕೈಯಲ್ಲಿ, ಕಾರಿಡಾರಿನ ತುದಿಯಲ್ಲಿತ್ತು.

“ಹತ್ತನೇ ಕ್ಲಾಸ್ ಇಂಗ್ಲಿಷ್ ಪುಸ್ತಕ” ಎಂದ. 

“ಹೆಸ್ರು?”

“ಅಮ್ಮಾ...”

“ರಿಜಿಸ್ಟರಲ್ಲಿ ಹೆಸ್ರು ಬರಿ. ಹಿಂದೆ ನಿಂತಿರೋರಿಗೆ ದಾರಿ ಬಿಡು.”

ಬರೆದ. ಪುಸ್ತಕದೊಳಗೆ ಮಡಚಿದ ಒಂದು ಹಾಳೆಯನ್ನೂ ಇಟ್ಟು ಕೊಟ್ಟಳು. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡ ಅಕ್ಷರ. ಗುಂಡಗಿನ, ನಿಧಾನದ ಕೈಬರಹ.

ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮನೋಹರ ಒಂದು ತೊಡೆಯ ಮೇಲೆ ಪುಸ್ತಕ, ಇನ್ನೊಂದರ ಮೇಲೆ ಹಾಳೆ ಇಟ್ಟುಕೊಂಡ. ಅಮ್ಮ ಪಾತ್ರೆಗೆ ಕಾಲು ಒತ್ತಿ, ಕೋಲು ಎತ್ತಿಕೊಂಡಳು.

“ತಾಳೆ ನೋಡ್ಕೋ” ಎಂದಳು, ಅವನ ಕಡೆ ತಿರುಗದೆ. “ಯಾರ್ ಬರ್ಕೊಟ್ರೂ ಹಾಗೇ ನಂಬ್ಬಾರ್ದು. ಅದೊಂದು ನೀನೇ ಕಲ್ಸಿದ್ದು.”

ಅವನು ಬೆರಳಿಟ್ಟು ಸಾಲು ಸಾಲಾಗಿ ನೋಡಿದ. ಮೂರನೇ ಪ್ಯಾರಾದವರೆಗೂ ನೋಡಿದ. ಒಂದು ಅಕ್ಷರ ಹೆಚ್ಚುಕಡಿಮೆ ಇರಲಿಲ್ಲ.

“ಸರಿ ಇದ್ಯಾ?”

“ಹ್ಞೂಂ.”

“ಹಂಗಾದ್ರೆ ಜೋರಾಗ್ ಹೇಳು. ಮುದ್ದೆ ಕೋಲಿನ ಸದ್ದಲ್ಲಿ ಕೇಳ್ಸಲ್ಲ.”

ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಗಾಳಿ, ಮಳೆ, ಸೀಟು ದಾಟಿ ಬಾಯಿ ತೆರೆದ ಕ್ಷಣಕ್ಕೆ ಹಜಾರದಿಂದ ಅಜ್ಜಿ, “ಟಚ್ ಮೈ ಲ್ಯಾಂಪು!” ಎಂದು ಗುಡುಗಿದಳು. ಅವನಿಗೆ ಸಾಲು ತಪ್ಪಿಹೋಯಿತು.

ಕೋಲು ನಿಂತಿತು.

“ಮೊದ್ಲಿಂದ” ಎಂದಳು ನಂದಿತಾ.